ಡಬ್ಬಿಯೊಳಗಿನ ಪೀಪಿ

ಚಕ್ಕಡಿ ಓಣಿಯ ದೀಪಗಳು ಒಂದೊಂದಾಗಿ ಆರತೊಡಗಿದಾಗ ಇಲಾಖೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ದೀಪಗಳೆಂದರೆ ನಿಜವಾದ ದೀಪಗಳಲ್ಲ. ಹುಬ್ಬಳ್ಳಿಯ ನಿಯಂತ್ರಣ ಕೊಠಡಿಯ ಗೋಡೆ ತುಂಬ ಹರಡಿದ್ದ ನಕಾಶೆಯ ಮೇಲಿನ ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದೊಂದು ಮನೆ. ಮನೆಯಲ್ಲಿಟ್ಟ ಯಂತ್ರ ದಿನಕ್ಕೊಮ್ಮೆ ಹತ್ತಿರದ ಟವರಿಗೆ 'ನಾನಿದ್ದೇನೆ' ಎಂದು ಹೇಳಿಕೊಂಡರೆ ಚುಕ್ಕೆ ಹಸಿರಾಗಿರುತ್ತದೆ, ಹೇಳದಿದ್ದರೆ ಆರುತ್ತದೆ. ಊರಿಗೆ ಊರೇ ಹಸಿರಾಗಿರುವಾಗ ಯಾವುದೋ ಒಂದು ಓಣಿ ಕಪ್ಪಾದರೆ ಯಾರು ಕೇಳುತ್ತಾರೆ? ಪ್ರೇಮಾ ತೋರಗಲ್ಲ ಕೇಳಿದಳು. ಕೊಠಡಿಯ ಯಂತ್ರಗಳನ್ನು ನೋಡಿಕೊಳ್ಳುವ ಇಂಜಿನಿಯರ್ ಅವಳು, ಕೇಳುವುದು ಅವಳ ಕೆಲಸವೇ. ಆದರೆ ಕೇಳಿದ್ದು ಅದಕ್ಕಲ್ಲ. ಆರಿದ ಚುಕ್ಕೆಗಳಲ್ಲಿ ಒಂದು ಅವಳ ತಮ್ಮ ಕಲ್ಮೇಶನ ಮನೆಯಾಗಿತ್ತು.

ಈ ಯಂತ್ರದ ಹುಟ್ಟನ್ನು ಸ್ವಲ್ಪ ಹೇಳಬೇಕು. ನಕಲಿ ನೋವಿನ ಮಾತ್ರೆಗಳು ಊರೂರು ತುಂಬಿದ್ದ ಕಾಲವದು. ನೋಡಲು ಔಷಧದಂಗಡಿಯ ಮಾತ್ರೆಯ ಹಾಗೆಯೇ. ಅದೇ ಬಣ್ಣ, ಅದೇ ಹೊಳೆಯುವ ಹಾಳೆ. ಒಳಗೆ ಮಾತ್ರ ಅಫೀಮನ್ನು ನಾಚಿಸುವ ರಾಸಾಯನಿಕ. ಯಾವ ಮಾತ್ರೆಯಲ್ಲಿ ಅದು ಎಷ್ಟಿದೆ ಎಂಬುದು ಮಾಡಿದವನಿಗೂ ಗೊತ್ತಿರುತ್ತಿರಲಿಲ್ಲ. ನುಂಗಿದವರಿಗೆ ನೋವು ಹೋಗುತ್ತಿತ್ತು, ನಿದ್ದೆ ಬರುತ್ತಿತ್ತು, ಕೆಲವರಿಗೆ ಉಸಿರಾಡುವುದೇ ಮರೆತುಹೋಗುತ್ತಿತ್ತು. ಮಿದುಳಿನಲ್ಲಿ ಆ ವಿಷ ಕುಳಿತ ಜಾಗದಿಂದ ಅದನ್ನು ಎಬ್ಬಿಸಿ ತಾನು ಕೂರುವ ಮದ್ದೊಂದಿತ್ತು. ಮೂಗಿಗೆ ಚಿಮ್ಮಿಸಿದರೆ ಸಾಕು, ನೀಲಿಗಟ್ಟಿ ಬಿದ್ದವನು ನೋಡನೋಡುತ್ತಿದ್ದಂತೆ ಎದ್ದು ಕೂತು ಎಬ್ಬಿಸಿದವರನ್ನೇ ಬೈಯುತ್ತಿದ್ದ. ಸರ್ಕಾರ ಅದನ್ನು ರೇಷನ್ ಅಂಗಡಿಗಳಲ್ಲಿ ಅಕ್ಕಿ, ಜೋಳದ ಜೊತೆಗೆ ಮನೆಮನೆಗೂ ಪುಕ್ಕಟೆ ಹಂಚಿತು. ಇಲ್ಲಿಯವರೆಗೆ ಯಾರೂ ತಪ್ಪು ಹುಡುಕುವಂತಿಲ್ಲ.

ಆದರೆ ಸರ್ಕಾರಕ್ಕೆ ಪುಕ್ಕಟೆ ಕೊಟ್ಟು ಸುಮ್ಮನಿರುವ ಅಭ್ಯಾಸವಿಲ್ಲ. ಬರಿಯ ಮದ್ದು ಹಂಚಿದರೆ ಚಟಕ್ಕೆ ಕುಮ್ಮಕ್ಕು ಕೊಟ್ಟಂತೆ ಎಂದು ಸದನದಲ್ಲಿ ಕೆಲವರು ಮೇಜು ಕುಟ್ಟಿದರು. ಎಲ್ಲಿ ಎಷ್ಟು ಬಳಕೆಯಾಯಿತೆಂದು ತಿಳಿಯುವುದು ಬೇಡವೇ ಎಂದು ಇನ್ನು ಕೆಲವರು ಕೇಳಿದರು. ಹಾಗಾಗಿ ಮದ್ದಿನ ಸುತ್ತ ಒಂದು ಯಂತ್ರ ಕಟ್ಟಿದರು. ಅಂಗೈಯಗಲದ ಅದನ್ನು ಮೂಗಿಗೆ ಹಿಡಿದರೆ ಉಸಿರು ಎಣಿಸುತ್ತದೆ. ಉಸಿರು ನಿಜವಾಗಿಯೂ ಕುಸಿದಿದ್ದರೆ ಮಾತ್ರ ಬೀಗ ತೆಗೆದು ಮದ್ದು ಚಿಮ್ಮಿಸುತ್ತದೆ, ಯಾವ ಮನೆಯಲ್ಲಿ ಎಂಬುದನ್ನು ಕೊಠಡಿಗೆ ತಿಳಿಸುತ್ತದೆ. ಸರ್ಕಾರ ಇಟ್ಟ ಹೆಸರು 'ಪ್ರಾಣದೀಪ'. ಮೂಗಿಗೆ ಹಿಡಿಯುವ ಕೊಳವೆ ನೋಡಿ ಓಣಿಯ ಹೆಂಗಸರು ಇಟ್ಟ ಹೆಸರು 'ಪೀಪಿ'. ಉಳಿದದ್ದು ಓಣಿಯವರ ಹೆಸರೇ.

ಮೊದಲ ವರ್ಷ ಪೀಪಿ ಎಷ್ಟೋ ಮನೆಗಳ ಮಾನ, ಪ್ರಾಣ ಎರಡನ್ನೂ ಉಳಿಸಿತು. ಎರಡನೆಯ ವರ್ಷ ಆದೇಶಕ್ಕೊಂದು ತಿದ್ದುಪಡಿ ಬಂತು. ಪೀಪಿ ಎಲ್ಲಿ ಚಿಮ್ಮಿತೋ ಆ ವಿಳಾಸ ಪೊಲೀಸರಿಗೂ ಹೋಗಬೇಕು, ಮಾತ್ರೆ ಮಾರುವವರ ಜಾಡು ಹಿಡಿಯಲು ಅನುಕೂಲವಾಗುತ್ತದೆ ಎಂದು. ಆ ಸಭೆಯಲ್ಲಿ ಪ್ರೇಮಾ ಇದ್ದಳು. ಇದು ಬೇಡ, ಜನ ಹೆದರುತ್ತಾರೆ ಎಂದಳು. ಎಲ್ಲರೂ ಸೌಜನ್ಯದಿಂದ ಕೇಳಿಸಿಕೊಂಡು ಮುಂದಿನ ವಿಷಯಕ್ಕೆ ಹೋದರು.

ಕಪ್ಪಾದ ಓಣಿಯನ್ನು ತೋರಿಸಿದಾಗ ಮೇಲಧಿಕಾರಿ ಜಂಬಗಿಯವರು ಚಹಾದ ಕಪ್ಪು ಹಿಡಿದೇ ನಕಾಶೆಯ ಹತ್ತಿರ ಬಂದರು.

"ಗುಜರಿಗೆ ಹಾಕ್ಯಾರ ತಗೋರಿ," ಎಂದರು. "ಪುಕ್ಕಟ ಸಿಕ್ಕದ್ದಕ್ಕ ಕಿಮ್ಮತ್ತೆಲ್ಲೈತಿ?"

"ನನ್ನ ತಮ್ಮನ ಮನೀದೂ ಆರೇತ್ರಿ ಸರ್. ಅವ್ರು ಗುಜರಿಗೆ ಹಾಕೋ ಮಂದಿ ಅಲ್ಲ."

"ಹಂಗಾರ ಹೋಗಿ ನೋಡ್ಕೊಂಡು ಬರ್ರಿ. ಆದ್ರ ಒಂದು ಮಾತು ಮೇಡಂ, ಇತ್ತಿತ್ಲಾಗ ಆ ಓಣ್ಯಾಗ ಒಂದೂ ಕೇಸ್ ಬಂದಿಲ್ಲ. ಮ್ಯಾಲಿನವ್ರು ಭಾಳ ಖುಷಿ ಅದಾರ. ಅಲ್ಲಿ ಎರಡನೇ ಸಲ ಹಂಚೂದು ಬ್ಯಾಡ ಅನ್ನಾಕತ್ತಾರ."

ಕೇಸ್ ಬಂದಿಲ್ಲವೆಂದರೆ ಪೀಪಿ ಚಿಮ್ಮಿಲ್ಲ ಎಂದರ್ಥ. ಅಷ್ಟು ಬಿಟ್ಟರೆ ಬೇರೆ ಅರ್ಥ ಅದಕ್ಕಿಲ್ಲ. ಇದನ್ನು ಹೇಳಬೇಕೆಂದು ಪ್ರೇಮಾಳ ಬಾಯಿಗೆ ಬಂತು, ಆದರೆ ಜಂಬಗಿಯವರಿಗೆ ಅದು ಗೊತ್ತಿಲ್ಲದ ವಿಷಯವೇನಾಗಿರಲಿಲ್ಲ.

ಚಕ್ಕಡಿ ಓಣಿಯಲ್ಲಿ ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದರು, ಆಮೇಲೆ ಲಾರಿಗಳಿಗೆ ಬಾಡಿ ಕಟ್ಟತೊಡಗಿದರು. ಈಗ ಲಾರಿಗಳು ಹೊಗೆಯಿಲ್ಲದೆ ಬ್ಯಾಟರಿಯಲ್ಲಿ ಓಡುತ್ತವೆ, ಚಾಲಕನೂ ಬೇಕಿಲ್ಲ. ಆದರೂ ಮಾಲೀಕರಿಗೆ ಪಕ್ಕದ ಹಲಗೆ ಸಾಗವಾನಿಯದೇ ಬೇಕು, ಹಿಂಬದಿಗೆ ನವಿಲು, ಗುಲಾಬಿ ಬೇಕು. ಹಲಗೆಯ ಕೆಲಸ ಕಲ್ಮೇಶನದು. ನವಿಲು, ಗುಲಾಬಿ ಪಕ್ಕದ ಮನೆಯ ದಾದಾಪೀರನದು. ಒಮ್ಮೆ ಜಾಕ್ ಜಾರಿ ಅರ್ಧ ಕಟ್ಟಿದ ಬಾಡಿ ಕಲ್ಮೇಶನ ಬೆನ್ನ ಮೇಲೆ ಬಿತ್ತು. ಡಾಕ್ಟರು ಬರೆದ ಮಾತ್ರೆ ಕೆಲವು ದಿನ ನಡೆಯಿತು. ಅದು ನಿಂತ ಮೇಲೆ ನೋವು ನಿಲ್ಲಲಿಲ್ಲ, ಬೇರೆ ಮಾತ್ರೆ ಬಂತು. ಬಣ್ಣದ ವಾಸನೆಗೆ ತಲೆ ಸಿಡಿಯುತ್ತದೆಂದು ದಾದಾಪೀರ ಅದಕ್ಕಿಂತ ಮೊದಲೇ ಶುರುಮಾಡಿದ್ದ.

ಪ್ರೇಮಾ ಹೋದಾಗ ಕಲ್ಮೇಶ ಬಾಗಿಲಲ್ಲೇ ಮಂಚ ಹಾಕಿಕೊಂಡು ಒರಗಿದ್ದ.

"ಏ ಶೈಲಾ, ಸರ್ಕಾರ ಬಂತು ನೋಡು, ಚಾ ಇಡು," ಎಂದು ಒಳಗಿದ್ದ ಹೆಂಡತಿಗೆ ಕೂಗಿದ. "ಏನಕ್ಕ, ನಾ ಇನ್ನೂ ಅದೀನೋ ಇಲ್ಲೋ ಅಂತ ಎಣಸಾಕ ಬಂದಿಯೇನು?"

"ನಿನ್ನ ಎಣಸಾಕ ಅಲ್ಲ, ಪೀಪಿ ಎಣಸಾಕ ಬಂದೇನಿ. ಎಲ್ಲೈತಿ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಶೈಲಾ ಒಳಗೆ ಹೋಗಿ ಜೋಳದ ಹಿಟ್ಟಿನ ದೊಡ್ಡ ಡಬ್ಬಿ ತಂದಳು. ಹಿಟ್ಟಿನೊಳಗೆ ಕೈ ಹಾಕಿ ಇನ್ನೊಂದು ಸಣ್ಣ ಸ್ಟೀಲ್ ಡಬ್ಬಿ ತೆಗೆದಳು. ಅದರ ಮುಚ್ಚಳ ತೆಗೆಯಲು ಚಮಚ ಬೇಕಾಯಿತು. ಒಳಗೆ ಪೀಪಿ ಹೊಸ ಅಳಿಯನ ಹಾಗೆ ಬೆಚ್ಚಗೆ ಬಟ್ಟೆ ಸುತ್ತಿಕೊಂಡು ಮಲಗಿತ್ತು.

"ನಮ್ಮ ಓಣಿ ಫಕ್ಕೀರಪ್ಪಂದು ನಿಮಗ ಗೊತ್ತೈತಿ ಅಲ್ರಿ ಅಕ್ಕಾರ," ಶೈಲಾ ಹೇಳಿದಳು. "ಪೀಪಿ ಹೊಡದು ಜೀವಾ ಉಳಿಸಿದ್ರು. ಮರುದಿನಾ ಪೊಲೀಸರು ಬಂದು ಹಾಸಗಿ ಮ್ಯಾಲಿಂದ ಎಬ್ಬಿಸ್ಕೊಂಡು ಹೋದ್ರು, ಮಾತ್ರಿ ಎಲ್ಲಿಂದ ತಂದಿ ಹೇಳು ಅಂತ. ಅವನ ಹೇಣ್ತಿ ಇನ್ನೂ ಕೋರ್ಟಿಗೆ ಅಡ್ಡಾಡಾಕತ್ತಾಳ. ಆವಾಗ ದಾದಾಪೀರನ ಅವ್ವ, ಹುಸೇನಬೀ ಚಾಚಿ, ಒಂದು ಉಪಾಯ ಹೇಳಿದ್ರು. ಮೊಬೈಲ್ ಸ್ಟೀಲ್ ಡಬ್ಬ್ಯಾಗ ಹಾಕಿದ್ರ ರಿಂಗ್ ಆಗಂಗಿಲ್ಲ, ಪೀಪೀನೂ ಹಂಗ ಇಟ್ರ ಸುದ್ದಿ ಕಳಸಂಗಿಲ್ಲ ಅಂತ. ಬೇಕಾದಾಗ ತಗದು ಹೊಡದು, ಸುದ್ದಿ ಹೋಗೂದ್ರೊಳಗ ಮತ್ತ ಮುಚ್ಚಿಡೂದು. ಈಗ ಇಡೀ ಓಣ್ಯಾಗ ಎಲ್ಲಾರ ಮನ್ಯಾಗೂ ಡಬ್ಬ್ಯಾಗ ಐತ್ರಿ."

ಪ್ರೇಮಾಳಿಗೆ ಒಂದು ಕ್ಷಣ ನಗು ಬಂತು. ಕೋಟಿಗಟ್ಟಲೆಯ ಯೋಜನೆಯನ್ನು ಓಣಿಯ ಹೆಂಗಸರು ಹಿಟ್ಟಿನ ಡಬ್ಬಿಯಿಂದ ಬಾಯಿ ಮುಚ್ಚಿಸಿದ್ದರು. ಪೀಪಿಯನ್ನು ಕೈಗೆ ತೆಗೆದುಕೊಂಡು ಗುಂಡಿ ಒತ್ತಿದಳು. ದೀಪ ಹೊತ್ತಲಿಲ್ಲ. ಮತ್ತೆ ಒತ್ತಿದಳು. ನಗು ಅಲ್ಲಿಗೇ ಹೋಯಿತು.

ಅವಳಿಗೆ ತಕ್ಷಣ ತಿಳಿಯಿತು. ಟವರ್ ಸಿಗದಿದ್ದರೆ ಯಂತ್ರ ಸುಮ್ಮನಿರುವುದಿಲ್ಲ. ಜಾತ್ರೆಯಲ್ಲಿ ಕೈತಪ್ಪಿದ ಮಗುವಿನ ಹಾಗೆ ಕೂಗುತ್ತಲೇ ಇರುತ್ತದೆ, ಪ್ರತಿ ಸಲ ಇನ್ನಷ್ಟು ಜೋರಾಗಿ. ವರ್ಷಗಟ್ಟಲೆ ಬಾಳಬೇಕಾದ ಬ್ಯಾಟರಿ ಕೆಲವೇ ವಾರಗಳಲ್ಲಿ ಬತ್ತಿಹೋಗುತ್ತದೆ. ಬ್ಯಾಟರಿ ಇಲ್ಲದೆ ಬೀಗ ತೆರೆಯುವುದಿಲ್ಲ. ಯಾರೂ ಬಿಚ್ಚಬಾರದೆಂದು ಅಚ್ಚು ಹಾಕಿ ಮುಚ್ಚಿದ್ದರಿಂದ ಬೇರೆ ಬ್ಯಾಟರಿ ಹಾಕುವಂತೆಯೂ ಇಲ್ಲ. ಮದ್ದು ಒಳಗೇ ಇರುತ್ತದೆ, ಸತ್ತರೂ ಹೊರಗೆ ಬರುವುದಿಲ್ಲ.

ಇದನ್ನು ಅವಳು ಬಿಡಿಸಿ ಹೇಳಿದಳು. ಶೈಲಾ ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

"ಹಂಗಾರ ಹೊಸಾದು ಕೊಡ್ರಿ. ಹೊರಗ ಇಡ್ತೀವಿ. ಹೊಡದ್ರ ಪೊಲೀಸರು ಬರಂಗಿಲ್ಲ ಅಂತ ಮಾತು ಕೊಡ್ತೀರೇನ್ರಿ ಅಕ್ಕಾರ?"

ಪ್ರೇಮಾ ಮಾತು ಕೊಡಲಿಲ್ಲ. ಕೊಡಲು ಅವಳದಲ್ಲದ ಮಾತು ಅದು.

"ನೀವು ಗಾಬರಿ ಆಗಬ್ಯಾಡ್ರಿ," ಕಲ್ಮೇಶ ಇಬ್ಬರಿಗೂ ಸೇರಿಸಿ ಹೇಳಿದ. "ನಾ ಅರ್ಧಕ್ಕ ಇಳದೇನಿ. ಒಂದು ಮಾತ್ರಿ ತರೂದು, ದಾದಾಪೀರ ಅರ್ಧ, ನಾ ಅರ್ಧ. ಹಿಂಗ ಇಳಕೋತ ಇಳಕೋತ ಇಬ್ಬರೂ ಕೂಡೇ ಬಿಡೂದು ಅಂತ ಮಾತಾಗೇತಿ."

"ಅರ್ಧ ಮಾತ್ರಿ ಅಂದ್ರ ಅರ್ಧ ವಿಷ ಅಲ್ಲೋ," ಪ್ರೇಮಾ ಹೇಳಿದಳು. "ಅವ್ರೇನು ಅದನ್ನ ಸರಿ ಕಲಸ್ತಾರೇನು? ಹಿಟ್ಟಿನ್ಯಾಗ ಉಪ್ಪು ಸರಿ ಕೂಡದಿದ್ರ ಒಂದು ರೊಟ್ಟಿ ಸಪ್ಪಗ, ಒಂದು ರೊಟ್ಟಿ ಬಾಯಾಗ ಇಡಾಕ ಬರಂಗಿಲ್ಲ. ಹಂಗ ಇದು."

"ಬಿಟ್ಟುಬಿಡು ಅಂತ ಹೇಳ್ತಿ."

"ದವಾಖಾನಿಗೆ ಬಾ ಅಂತ ಹೇಳ್ತೀನಿ."

"ಬರ್ತೀನಿ. ಈ ಲಾರಿ ಒಂದು ಮುಗೀಲಿ," ಎಂದ ಕಲ್ಮೇಶ. ಚಿಕ್ಕಂದಿನಲ್ಲಿ ಸ್ನಾನಕ್ಕೆ ಕರೆದಾಗಲೂ ಹೀಗೇ ಬರುತ್ತೇನೆ ಎನ್ನುತ್ತಿದ್ದ. ಪ್ರೇಮಾ ಚಹಾ ಕುಡಿದು ಎದ್ದಳು.

ಕೊಠಡಿಗೆ ಬಂದು ಜಂಬಗಿಯವರ ಮುಂದೆ ಎಲ್ಲವನ್ನೂ ಹೇಳಿದಳು. ಪೊಲೀಸರಿಗೆ ವಿಳಾಸ ಕೊಡುವುದನ್ನು ನಿಲ್ಲಿಸಬೇಕು, ಇಲ್ಲವೇ ಬೀಗ, ಬ್ಯಾಟರಿ ಏನೂ ಇಲ್ಲದ, ಬೆರಳಿನಿಂದ ಒತ್ತಿ ಚಿಮ್ಮಿಸುವ ಸಾದಾ ಶೀಷೆಯನ್ನೇ ಹಂಚಬೇಕು ಎಂದಳು. ಜಂಬಗಿಯವರು ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಸಾದಾ ಶೀಷೆ ಸಾಕು ಅಂತ ಮೊದಲ ಬರದಾಂವ ನಾನ ರೀ. ಎಲ್ಲಿ ಹೋತು, ಯಾರಿಗೆ ಹೋತು ತಿಳೀದಂಥಾದನ್ನ ಹಂಚಾಕ ಬರಂಗಿಲ್ಲ ಅಂತ ವಾಪಸ್ ಕಳಿಸಿದ್ರು. ಮತ್ತೊಮ್ಮೆ ಬರೀತೇನಿ. ಮುಂದಿನ ಸಭಾದಾಗ ಇಡೂಣು."

ಆಮೇಲೆ ಅವರು ಬೀರು ತೆಗೆದು ಹುಡುಕಾಡಿದರು. ಯೋಜನೆಗೆ ಮೊದಲು ಪರೀಕ್ಷೆಗೆಂದು ತರಿಸಿದ್ದ ಸಾದಾ ಶೀಷೆಗಳು ಒಂದು ಮೂಲೆಯಲ್ಲಿದ್ದವು. ಎಲ್ಲದರ ಅವಧಿ ಮುಗಿದಿತ್ತು, ಒಂದರದು ಮಾತ್ರ ಮುಗಿದಿರಲಿಲ್ಲ.

"ಇದನ್ನ ತಮ್ಮನ ಮನ್ಯಾಗ ಇಡ್ರಿ," ಎಂದರು. "ನಾ ಕೊಟ್ಟಿಲ್ಲ, ನೀವು ಒಯ್ದಿಲ್ಲ."

ಅದೇ ಸಂಜೆ ಪ್ರೇಮಾ ಅದನ್ನು ಶೈಲಾಳ ಕೈಗಿತ್ತಳು. ಮೂಗಿನಲ್ಲಿಟ್ಟು ಒತ್ತಿದರೆ ಆಯಿತು, ಸುದ್ದಿ ಯಾರಿಗೂ ಹೋಗುವುದಿಲ್ಲ, ಇರುವುದು ಒಂದೇ, ಕಲ್ಮೇಶನಿಗಾಗಿ ಎಂದು ತಿಳಿದುಕೋ ಎಂದಳು. ಶೈಲಾ ಅದನ್ನು ದೇವರ ಜಗಲಿಯ ಮೇಲೆ, ವಿಭೂತಿಗಟ್ಟಿಯ ಪಕ್ಕದಲ್ಲಿಟ್ಟಳು. ಬಹಳ ದಿನಗಳ ಮೇಲೆ ಪ್ರೇಮಾಳಿಗೆ ಎದೆ ಹಗುರಾಯಿತು. ತನ್ನವರನ್ನಷ್ಟೇ ಉಳಿಸಿಕೊಂಡೆನಲ್ಲ ಎಂಬ ಮುಜುಗರವೂ ಇತ್ತು, ಆದರೆ ಹಗುರಾದದ್ದು ಸುಳ್ಳಲ್ಲ.

ಮುಂದಿನ ಸಭೆ ಎರಡು ಸಲ ಮುಂದಕ್ಕೆ ಹೋಯಿತು.

ಒಂದು ಮಧ್ಯಾಹ್ನ ಕೊಠಡಿಯಲ್ಲಿ ಎಲ್ಲರೂ ಬುತ್ತಿ ಬಿಚ್ಚುತ್ತಿದ್ದಾಗ ಶೈಲಾಳ ಫೋನ್ ಬಂತು. ದನಿಯಲ್ಲಿ ಸಂಭ್ರಮವಿತ್ತು, ಏದುಸಿರೂ ಇತ್ತು.

"ಅಕ್ಕಾರ, ದಾದಾಪೀರ ಉಳದ್ರಿ. ತುಟಿ ಎಲ್ಲಾ ನೀಲಿ ಆಗಿದ್ವು. ಚಾಚಿ ಅಳಕೋತ ಓಡಿ ಬಂದ್ರು. ಅವರ ಪೀಪಿ ಹತ್ತಲೇ ಇಲ್ಲ. ನೀವು ಕೊಟ್ಟದ್ದು ಹಚ್ಚಿದೆ. ಎದ್ದು ಕುಂತಾನ್ರಿ, ಎಲ್ಲಾರಿಗೂ ಬೈಯಾಕತ್ತಾನ."

ಪ್ರೇಮಾಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಕಲ್ಮೇಶ ಎಲ್ಲ್ಯದಾನ?"

"ಮನ್ಯಾಗ ಅದಾರ್ರಿ. ಅವರೇ ಅಂದ್ರು, ಲಗೂನ ಒಯ್ದು ಕೊಡು, ನನಗೇನಾಗೇತಿ ಅಂತ. ಬಾಗಲ್ದಾಗ ಕುಂತಿದ್ರು. ನಾ ಈಗ ಬಂದು ನೋಡಿದೆ, ಒಳಗ ಮಲಗ್ಯಾರ. ನಿನ್ನಿಯಿಂದ ಬೆನ್ನು ಹಿಡದು ನಿದ್ದಿನ ಇದ್ದಿಲ್ಲ. ಜಂಪು ಹತ್ತೇತಿ, ಮಲಗ್ಲಿ ಅಂತ ಚಾದರ ಹೊಚ್ಚಿ ಹೊರಗ ಬಂದೆ."

"ಅಂವನೂ ಆ ಮಾತ್ರ್ಯಾಗಿನ ಅರ್ಧ ತಗೊಂಡಾನೇನು?"

"ಇಬ್ಬರೂ ಕೂಡೇ ತಗೋತಾರಲ್ರಿ," ಎನ್ನುತ್ತ ಶೈಲಾಳ ದನಿ ಇಳಿಯಿತು.

"ಎಬ್ಬಸು," ಪ್ರೇಮಾ ಹೇಳಿದಳು. "ಶೈಲಾ, ಹೋಗಿ ಎಬ್ಬಸು."

ಫೋನಿನಲ್ಲಿ ಹೆಜ್ಜೆಗಳು ಕೇಳಿಸಿದವು. ಆಮೇಲೆ "ರೀ, ರೀ" ಎನ್ನುವುದು ಕೇಳಿಸಿತು. ಆಮೇಲೆ "ಕಲ್ಮೇಶಾ" ಎನ್ನುವುದು ಕೇಳಿಸಿತು. ಶೈಲಾ ಗಂಡನ ಹೆಸರು ಹಿಡಿದು ಕರೆದದ್ದನ್ನು ಪ್ರೇಮಾ ಅದುವರೆಗೆ ಕೇಳಿರಲಿಲ್ಲ. ಅವಳು ಮತ್ತೆ ಮತ್ತೆ ಕರೆದಳು.

ಕೊಠಡಿಯಲ್ಲಿ ಪಕ್ಕದ ಮೇಜಿನವರು ಆಂಬ್ಯುಲೆನ್ಸಿಗೆ ಹೇಳುತ್ತಿದ್ದರು. ಪ್ರೇಮಾ ಫೋನಿನಲ್ಲೇ ತಲೆ ಹಿಂದಕ್ಕೆ ಬಾಗಿಸಲು, ಮೂಗು ಒತ್ತಿ ಹಿಡಿದು ಬಾಯಿಗೆ ಬಾಯಿ ಹಚ್ಚಿ ಊದಲು ಹೇಳಿಕೊಟ್ಟಳು. ಎಷ್ಟೋ ಊರುಗಳಲ್ಲಿ ಎಷ್ಟೋ ಜನಕ್ಕೆ ಅದನ್ನು ಹೇಳಿಕೊಟ್ಟವಳು, ದನಿ ನಡುಗಲಿಲ್ಲ. ಶೈಲಾ ಊದುತ್ತಿದ್ದಳು. ಅವಳ ಕೂಗಿಗೆ ಓಣಿಯೇ ಒಳಗೆ ನುಗ್ಗಿತ್ತು. ನಮ್ಮದು ನೋಡ್ರಿ, ನಮ್ಮದು ನೋಡ್ರಿ ಎನ್ನುವ ದನಿಗಳು, ಸ್ಟೀಲ್ ಡಬ್ಬಿಗಳ ಮುಚ್ಚಳ ನೆಲಕ್ಕೆ ಬೀಳುವ ಸದ್ದು. ಮನೆಮನೆಯಿಂದ ಪೀಪಿಗಳನ್ನು ತಂದು ಕಲ್ಮೇಶನ ಮೂಗಿಗೆ ಹಿಡಿಯುತ್ತಿದ್ದರು. ಹತ್ತವಲ್ದು, ಇದೂ ಹತ್ತವಲ್ದು ಎಂದು ಯಾರೋ ಹೆಂಗಸು ಅಳುತ್ತಿದ್ದಳು.

ಆಗ ನಕಾಶೆಯ ಮೇಲೆ, ಕಪ್ಪಾಗಿದ್ದ ಚಕ್ಕಡಿ ಓಣಿಯಲ್ಲಿ, ಒಂದು ಚುಕ್ಕೆ ಹಸಿರಾಯಿತು.

ಜಂಬಗಿಯವರು ಕುರ್ಚಿಯಿಂದ ಎದ್ದು ನಿಂತರು. ಯಾರದೋ ಮನೆಯ ಪೀಪಿಯಲ್ಲಿ ಇನ್ನೂ ಸ್ವಲ್ಪ ಜೀವ ಉಳಿದಿತ್ತು. ಪರದೆಯ ಮೇಲೆ ಸಾಲುಗಳು ಮೂಡಿದವು: ಉಸಿರು ಇಲ್ಲ. ಮದ್ದು ಬೇಕು. ವಿಳಾಸ ಕಳಿಸಲಾಗುತ್ತಿದೆ. ವಿಳಾಸ ತಲುಪಿತು. ಠಾಣೆಗೆ ತಲುಪಿತು. ಇನ್ನು ಉಳಿದದ್ದು ಬೀಗ ತೆಗೆಯುವ ಸಾಲು. ಕೊಠಡಿಯವರೆಲ್ಲ ಅದಕ್ಕಾಗಿ ನೋಡುತ್ತ ನಿಂತರು. ಚುಕ್ಕೆ ಆರಿತು.

ಮೊದಲು ವಿಳಾಸ, ಆಮೇಲೆ ಬೀಗ. ಯಂತ್ರಕ್ಕೆ ಹಾಗೆಂದು ಹೇಳಿಕೊಟ್ಟಿದ್ದರು. ಕೊನೆಯ ಹನಿ ಬ್ಯಾಟರಿಯನ್ನು ಅದು ಹೇಳಿಕೊಟ್ಟ ಹಾಗೆಯೇ ಖರ್ಚು ಮಾಡಿತ್ತು.

ಆಂಬ್ಯುಲೆನ್ಸಿನವರು ಬಂದು ಅವಳ ಭುಜ ಹಿಡಿದು ಎಬ್ಬಿಸುವವರೆಗೂ ಶೈಲಾ ಊದುವುದನ್ನು ನಿಲ್ಲಿಸಲಿಲ್ಲವಂತೆ. ಪ್ರೇಮಾ ಹೋಗಿ ತಲುಪಿದಾಗ ಕಲ್ಮೇಶನ ಮುಖ ಒರೆಸಿ ವಿಭೂತಿ ಹಚ್ಚಿದ್ದರು. ಅವಳು ಅವನ ಪಕ್ಕದಲ್ಲಿ ಕೂತು, ದವಾಖಾನೆಗೆ ಬರುತ್ತೇನೆಂದಿದ್ದೆಯಲ್ಲೋ ಎಂದು ಕೇಳಿದಳು. ಜನರ ಮುಂದೆ ಅಳುವವಳಲ್ಲ ಅವಳು. ಆ ದಿನ ಓಣಿಗೆಲ್ಲ ಕೇಳುವಂತೆ ಅತ್ತಳು.

ಮರುದಿನ ಮಣ್ಣು ಮಾಡಿ ಬಂದರು. ದಾದಾಪೀರನೂ ಹೋಗಿದ್ದ. ತೂರಾಡುತ್ತಿದ್ದವನನ್ನು ಇಬ್ಬರು ಹಿಡಿದುಕೊಂಡಿದ್ದರು. ಅವನ ಸರದಿ ಬಂದಾಗ ಒಂದು ಹಿಡಿ ಮಣ್ಣು ಹಾಕಿ, ಎರಡನೆಯ ಹಿಡಿ ಹಾಕಲಾರದೆ ಅದನ್ನು ಮುಷ್ಟಿಯಲ್ಲೇ ಹಿಡಿದು ಮನೆಗೆ ಬಂದ.

ಕೆಲಸಕ್ಕೆ ಮರಳಿದ ದಿನ ಪ್ರೇಮಾ ಚಕ್ಕಡಿ ಓಣಿಯ ವರದಿ ತೆರೆದು ನೋಡಿದಳು. ಬಳಕೆ: ಸೊನ್ನೆ. ಸಾವು: ಸೊನ್ನೆ. ದಾದಾಪೀರ ಉಳಿದದ್ದೂ ಅಲ್ಲಿರಲಿಲ್ಲ, ಕಲ್ಮೇಶ ಹೋದದ್ದೂ ಇರಲಿಲ್ಲ. ಚಿಮ್ಮಿದ ಪೀಪಿ ಹೇಳಿದ್ದನ್ನು ಮಾತ್ರ ವರದಿ ಬರೆದುಕೊಳ್ಳುತ್ತಿತ್ತು. ಜಂಬಗಿಯವರು ತಮ್ಮ ಕೈಯಾರೆ ಎರಡು ಪುಟ ಬರೆದು ಮೇಲಕ್ಕೆ ಕಳಿಸಿದ್ದರು. ಸಮಿತಿ ಅದನ್ನು ಪರಿಶೀಲಿಸುತ್ತದೆ ಎಂಬ ಉತ್ತರ ಬಂದಿತ್ತು. ಓಣಿಗೆ ಎರಡನೆಯ ಹಂಚಿಕೆ ಅನಗತ್ಯ ಎಂಬ ಆದೇಶವೂ ಅದೇ ಟಪಾಲಿನಲ್ಲಿತ್ತು.

ಆ ಭಾನುವಾರ ಪ್ರೇಮಾ ಶೈಲಾಳನ್ನು ನೋಡಲು ಹೋದಳು. ದಾದಾಪೀರ ಕಟ್ಟೆಯ ಮೇಲೆ ಕೂತಿದ್ದ. ದಿನಾ ಬಂದು ಕೂರುತ್ತಾನಂತೆ, ಮಾತಿಲ್ಲ, ಕೊಟ್ಟರೆ ಉಣ್ಣುತ್ತಾನೆ. ಅವನು ಎದ್ದು ನಿಂತು ಅಕ್ಕಾರ ಎಂದ. ಪ್ರೇಮಾ ನೋಡಲಿಲ್ಲ. ಅವನನ್ನು ಕಂಡರೆ ಅವಳ ಮೈಯೆಲ್ಲ ಉರಿಯುತ್ತಿತ್ತು. ಅವನ ಎದೆ ಏಳುವುದನ್ನು, ಇಳಿಯುವುದನ್ನು ನೋಡಿದರೆ ಅದು ತಮ್ಮನಿಂದ ಕಿತ್ತುಕೊಂಡ ಉಸಿರು ಎನಿಸುತ್ತಿತ್ತು. ಹಾಗೆ ಎನಿಸುವುದು ಅನ್ಯಾಯವೆಂದು ಗೊತ್ತಿದ್ದೂ ಅವಳಿಗೆ ಹಾಗೆಯೇ ಎನಿಸುತ್ತಿತ್ತು.

ಶೈಲಾ ನೀರು ತಂದುಕೊಟ್ಟು ಎದುರಿಗೆ ಕೂತಳು. ಸೊರಗಿದ್ದಳು. ಹೊರಗೆ ಕೇಳಿಸದಂತೆ ಮೆಲ್ಲಗೆ ಕೇಳಿದಳು.

"ಅಕ್ಕಾರ, ಆ ಬೀಗಿಲ್ಲದ್ದು ಇನ್ನೊಂದು ಸಿಗ್ತೈತೇನ್ರಿ?"

"ಇನ್ನ ಯಾರಿಗೆ ಶೈಲಾ?"

ಶೈಲಾ ಕಟ್ಟೆಯ ಕಡೆ ಗದ್ದ ತಿರುಗಿಸಿದಳು. "ಮತ್ತ ಶುರು ಮಾಡ್ಯಾನಂತ. ಚಾಚಿ ಹೇಳಿದ್ರು. ಈಗ ಪಾಲಿಗೆ ಯಾರೂ ಇಲ್ಲ, ಇಡೀದು ಒಬ್ಬನೇ ತಗೋತಾನ."

ಪ್ರೇಮಾ ನೀರಿನ ಲೋಟ ಕೆಳಗಿಟ್ಟಳು.

"ಇಲ್ಲವ್ವಾ," ಎಂದಳು ಕಡೆಗೆ. "ಅದೊಂದ ಇತ್ತು."

ಶೈಲಾ ತಲೆಯಾಡಿಸಿದಳು. ಬೇರೆ ಉತ್ತರ ಬರುತ್ತದೆಂದು ಅವಳೂ ಅಂದುಕೊಂಡಿರಲಿಲ್ಲವೇನೋ. ಎದ್ದು ಒಳಗೆ ಹೋಗಿ ತಟ್ಟೆಗೆ ಎರಡು ರೊಟ್ಟಿ, ಪಲ್ಯ ಹಾಕಿಕೊಂಡು ಬಂದಳು.

"ಹಂಗಾರ ಅಂವ ಇಲ್ಲೇ ಕುಂದರ್ಲಿ," ಎಂದಳು. "ಕಣ್ಣ ಮುಂದ ಇದ್ರ, ನಿದ್ದಿ ಹತ್ತಿದ್ರ ಎಬ್ಬಸ್ತೀನಿ."